ಒಂಟಿ ತಟ್ಟೆಯ ಮದುವೆ

ಲ್ಯಾಬಿನ ಕೆಲಸ ಅಂದರೆ ಏನು ಮೇಡಂ ಎಂದು ಹೊಸದಾಗಿ ಸೇರಿದ ಮಕ್ಕಳು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ತಲೆ ಕೆಡಿಸಿಕೊಳ್ಳುವುದಕ್ಕೆ ಸರ್ಕಾರ ಸಂಬಳ ಕೊಡುವ ಕೆಲಸ. ಅವರು ನಗುತ್ತಿದ್ದರು. ನಾನೇನೂ ತಮಾಷೆಗೆ ಹೇಳುತ್ತಿರಲಿಲ್ಲ. ಚನ್ನಗಿರಿಯ ಸಂಶೋಧನಾ ಕೇಂದ್ರದಲ್ಲಿದ್ದ ಕಬ್ಬಿನ ಕಾಡಿಗೆ ರೋಗದ ಪ್ರಯೋಗಾಲಯಕ್ಕೆ ತಾಂತ್ರಿಕ ಸಹಾಯಕಿಯಾಗಿ ಸೇರಿದೆ, ಅಲ್ಲೇ ಕೂದಲು ಬೆಳ್ಳಗಾಯಿತು, ಅಲ್ಲಿಂದಲೇ ನಿವೃತ್ತಳಾದೆ. ಇಷ್ಟು ವರ್ಷ ನಾನು ಸಾಕಿದ್ದು ಒಂದೇ ಒಂದು ಬೂಷ್ಟು. ಅದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಯಾವಾಗ ಬಡ್ತಿ ಬಂತು, ಯಾವ ಸ್ಕೇಲಿಗೆ ಏರಿದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಪಿಂಚಣಿ ಕಚೇರಿಯವರಿಗೆ ಬೇಕಾದ ವಿಷಯ. ಮುಂದೆ ಆ ಸ್ಟೂಲಿನ ಮೇಲೆ ಕೂರುವವರಿಗಾಗಿ, ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನು ನೆನಪಿದ್ದಷ್ಟು ಬರೆಯುತ್ತೇನೆ.

ಮೊದಲು ರೋಗದ ಗುರುತು ಹೇಳಬೇಕು. ಕಾಡಿಗೆ ರೋಗ ಹತ್ತಿದ ಕಬ್ಬಿನ ಸುಳಿಯಲ್ಲಿ ಗರಿಯ ಬದಲು ಉದ್ದನೆಯ ಕರಿ ಚಾಟಿಯೊಂದು ಹೊರಡುತ್ತದೆ. ಮುಟ್ಟಿದರೆ ಕಪ್ಪು ಪುಡಿ ಉದುರುತ್ತದೆ. ಆ ಪುಡಿಯೇ ರೋಗದ ಬೀಜಕಣ. ಚಾಟಿ ಕತ್ತರಿಸುವ ಮೊದಲು ಅದರ ಮೇಲೆ ಚೀಲ ಇಳಿಸಿ, ಬಾಯಿ ಬಿಗಿದು ಕಟ್ಟಿ, ಆಮೇಲೆ ಕುಡುಗೋಲು ಹಾಕಬೇಕು. ನಾನು ಮೊದಲ ಸಲ ಹೊನ್ನಾಳಿ ಕಡೆಯ ಹೊಳೆಸಾಲಿನ ಗದ್ದೆಗೆ ಮಾದರಿ ತರಲು ಹೋದಾಗ, ಚೀಲ ಕೊಟ್ಟಿರುವುದು ತುಂಬಿಕೊಂಡು ಬರಲು ಎಂದುಕೊಂಡಿದ್ದೆ. ಕತ್ತರಿಸಿದೆ, ಗಾಳಿ ಬೀಸಿತು, ಅಷ್ಟೂ ಪುಡಿ ನನ್ನ ಮುಖ, ಸೀರೆ, ತಲೆಯ ಮೇಲೆ. ಅದೇ ವೇಷದಲ್ಲಿ ನ್ಯಾಮತಿಯ ಬಸ್ಸು ಹತ್ತಿದೆ. ನಮ್ಮ ತವರು ನ್ಯಾಮತಿ.

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾಕವ್ವಾ, ಆಲೆಮನಿ ಒಲಿಯಾಗೆ ಬಿದ್ದಿದ್ದೇನು?"

"ಸರ್ಕಾರಿ ಕೆಲಸ ಕಣಣ್ಣಾ," ಎಂದೆ.

"ಹಂಗಾದ್ರೆ ನಮಗೆ ಬ್ಯಾಡ ಬಿಡವ್ವಾ ಆ ಕೆಲಸ," ಎಂದು ಅವನು ಮುಂದಿನ ಸೀಟಿಗೆ ಹೋದ.

ಮನೆಯಲ್ಲಿ ಅವ್ವ ನನ್ನನ್ನು ಒಳಗೆ ಬಿಡದೆ ಹಿತ್ತಲಲ್ಲಿ ನಿಲ್ಲಿಸಿ ನೀರು ಹೊಯ್ದಳು. "ಈ ರೋಗ ಮನುಷ್ಯರಿಗೂ ಬರ್ತತೇನೆ?" ಎಂದಳು. ಬರಲ್ಲ ಬಿಡವ್ವಾ ಎಂದು ಧೈರ್ಯವಾಗಿ ಹೇಳಿದೆ. ನಿಜ ಹೇಳಬೇಕೆಂದರೆ ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆ ವಾರವೆಲ್ಲ ಬೆಳಿಗ್ಗೆ ಎದ್ದೊಡನೆ ಬೆರಳ ತುದಿ ನೋಡಿಕೊಳ್ಳುತ್ತಿದ್ದೆ.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ರುದ್ರಪ್ಪ ಸಾಹೇಬರು. ರೋಗಶಾಸ್ತ್ರದಲ್ಲಿ ದೊಡ್ಡ ಪಂಡಿತರು, ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಪಾಠ ಹೇಳಲು ಕೂತರೆ ಊಟ ಮರೆಯುತ್ತಿದ್ದರು. ಅವರು ನನಗೆ ಹೇಳಿದ ಮೊದಲ ಪಾಠ ಇದು. ಕಪ್ಪು ಬೀಜಕಣ ಮೊಳೆತಾಗ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡು ಬಗೆ. ಒಂದೇ ಬಗೆಯವು ಎಷ್ಟು ಸಾವಿರ ಇದ್ದರೂ ಕಬ್ಬಿಗೆ ಏನೂ ಮಾಡಲಾರವು. ಆಹಾರದ ಗಟ್ಟಿ ಪದರ ಹಾಕಿ ಬೂಷ್ಟು ಬೆಳೆಸುವ ತಟ್ಟೆಯ ಮೇಲೆ ದೋಸೆಹಿಟ್ಟಿನ ಹನಿಯಂತೆ ನುಣ್ಣಗೆ ಬಿದ್ದಿರುತ್ತವೆ. ಎರಡು ಬಗೆಯವು ಎದುರಾದರೆ ಕೂಡುತ್ತವೆ, ಬಿಳಿ ತುಪ್ಪಳ ಏಳುತ್ತದೆ. ಆ ತುಪ್ಪಳಕ್ಕೆ ಮಾತ್ರ ಕಬ್ಬಿನೊಳಗೆ ನುಗ್ಗುವ ಶಕ್ತಿ. ಮದುವೆ ಆದರೇ ರೋಗ, ಇಲ್ಲದಿದ್ದರೆ ಇಲ್ಲ.

"ಅವುಗಳಾಗೆ ಗಂಡು ಯಾವುದ್ರಿ ಸಾರ್?" ಎಂದೆ.

"ಗಂಡು ಹೆಣ್ಣು ಅಂತ ಇಲ್ಲ. ಒಂದಕ್ಕೆ ಪ್ಲಸ್ ಅಂತೀವಿ, ಒಂದಕ್ಕೆ ಮೈನಸ್."

"ಪ್ಲಸ್ ಅಂದ್ರೆ ಗಂಡೇನ್ರಿ?"

"ಅಲ್ಲ."

"ಹಂಗಾದ್ರೆ ಮೈನಸ್ಸು ಗಂಡು."

"ಅದೂ ಅಲ್ಲ ಕಣ್ರೀ ಗಿರಿಜಮ್ಮಾ."

"ಎರಡೂ ಹೆಣ್ಣೇನ್ರಿ ಸಾರ್ ಮತ್ತೆ?"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ತವರುಮನಿ ಬೆಡಗು, ಗಂಡನ ಮನಿ ಬೆಡಗು ಒಂದೇ ಏನು?" ಎಂದು ಕೇಳಿದರು. ನಮ್ಮ ಕಡೆ ಸಂಬಂಧ ನೋಡುವಾಗ ಮೊದಲು ಕೇಳುವುದೇ ಬೆಡಗನ್ನು. ಮೂಲ ಮನೆತನದ ಹೆಸರು ಅದು. ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬೆಡಗಿನವರು ಎಷ್ಟೇ ದೂರದವರಾಗಲಿ ಅಣ್ಣ ತಂಗಿ ಲೆಕ್ಕ.

"ಒಂದೇ ಆಗಿದ್ರೆ ಮದುವಿ ಹೆಂಗ್ ಆಗ್ತಿತ್ರಿ?" ಎಂದೆ.

"ಅಷ್ಟೇ ನೋಡ್ರಿ. ಪ್ಲಸ್ ಒಂದು ಬೆಡಗು, ಮೈನಸ್ ಒಂದು ಬೆಡಗು. ಅದೇ ಬೆಡಗಿನಾಗೆ ಕೂಡಂಗಿಲ್ಲ."

ನನಗೆ ಸಲೀಸಾಗಿ ತಲೆಗೆ ಹೋಯಿತು. ಅವರಿಗೂ ಆ ಹೋಲಿಕೆ ಎಷ್ಟು ಹಿಡಿಸಿತೆಂದರೆ, ಅಲ್ಲಿಂದ ಮುಂದೆ ರೈತರ ತರಬೇತಿ ಎಲ್ಲಿ ನಡೆದರೂ ಅದೇ ಕಥೆ. ಹೊನ್ನಾಳಿಯ ಸಭೆಗಳಿಗೆ ತಪ್ಪದೆ ಬರುತ್ತಿದ್ದ ಹಾಲೇಶಪ್ಪ ಎಂಬ ಹಿರಿಯ ರೈತ ಮುಂದಿನ ಸಾಲಿನಲ್ಲೇ ಕೂತು ಅದನ್ನು ಕೇಳಿ ಖುಷಿಪಡುತ್ತಿದ್ದರು. ಒಂದು ಸಲ ಎದ್ದು ನಿಂತು, "ಸಾಹೇಬ್ರೇ, ಹಂಗಾದ್ರೆ ಈ ಮದುವಿಗೆ ಬ್ರೋಕರ್ ಯಾರ್ರೀ?" ಎಂದರು. ಸಭೆ ನಕ್ಕಿತು. ಸಾಹೇಬರು ಮಾತ್ರ ನಗಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ಹೇಳಿ ಫೆರೊಮೋನಿನ ವಿಷಯ ಬಿಡಿಸಿದರು. ಎರಡು ಬಗೆಯವೂ ಒಂದೊಂದು ಕರೆಯುವ ವಸ್ತುವನ್ನು ಹೊರಬಿಡುತ್ತವೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದ ಮೇಲೆ ಆ ದಿಕ್ಕಿಗೆ ಎಳೆಯಂಥ ಕೈಯೊಂದನ್ನು ಚಾಚುತ್ತಾರೆ. ಕರೆಯುವ ವಸ್ತು ತಯಾರಿಸಲು ಒಂದು ಜೀನು, ಎದುರಿನವರ ಕರೆ ಹಿಡಿಯಲು ಇನ್ನೊಂದು ಜೀನು. ಬ್ರೋಕರ್ ಅಂದರೆ ಅದೇ.

ಈ ಕರೆಯುವ ವಸ್ತುವಿನ ವಿಷಯ ಕೇಳಿದ ಮಾರನೆಯ ದಿನ ನಾನೊಂದು ಹುಚ್ಚು ಕೆಲಸ ಮಾಡಿದೆ. ಯಾರೂ ಇಲ್ಲದಾಗ ತಟ್ಟೆಯ ಮುಚ್ಚಳ ಎತ್ತಿ ಮೂಸಿ ನೋಡಿದೆ. ಹುಳಿ ಬಂದ ಹಿಟ್ಟಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಇನ್ನೊಂದು ತಟ್ಟೆ ಮೂಸುತ್ತಿದ್ದಾಗ ಹಿಂದಿನಿಂದ ಸಾಹೇಬರ ದನಿ ಕೇಳಿತು.

"ಗಿರಿಜಮ್ಮಾ, ಅದು ನಿಮ್ಮನ್ನ ಕರೀತಿಲ್ಲ."

ನಾಚಿಕೆಯಿಂದ ನೆಲಕ್ಕೆ ಇಳಿದು ಹೋದೆ. ಬೂಷ್ಟಿನ ತಟ್ಟೆ ಮೂಸಬೇಡಿ ಮಕ್ಕಳೇ, ಕೆಲವು ಬೂಷ್ಟು ಎದೆಗೆ ಕೆಟ್ಟದ್ದು. ಆದರೆ ಮೂಸಬೇಕು ಅನ್ನಿಸದಿದ್ದರೆ ನೀವು ಆ ಕೆಲಸಕ್ಕೆ ಯಾಕೆ ಬಂದಿರೋ ನನಗೆ ತಿಳಿಯದು.

ನಮ್ಮ ಡೀಪ್ ಫ್ರೀಜರಿನಲ್ಲಿ ನಾಲ್ಕು ತಳಿಗಳಿದ್ದವು. ಯಾವ ತಾಲ್ಲೂಕಿನ ಚಾಟಿಯಿಂದ ತಂದದ್ದೋ ಅದೇ ಹೆಸರು. ಚನ್ನಗಿರಿ ಮತ್ತು ಹೊನ್ನಾಳಿ ಪ್ಲಸ್ಸು. ನ್ಯಾಮತಿ ಮತ್ತು ಜಗಳೂರು ಮೈನಸ್ಸು. ಮೊದಲ ಮೂರು ಹಿಂದಿನ ಸಾಹೇಬರ ಕಾಲದವು. ಜಗಳೂರಿನದನ್ನು ಮಾತ್ರ ರುದ್ರಪ್ಪ ಸಾಹೇಬರೇ ತಂದಿದ್ದರು. ಬಯಲುಸೀಮೆಯ ಜಗಳೂರಿನಲ್ಲಿ ಕಬ್ಬು ಎಲ್ಲಿತ್ತು ಎಂದು ನೀವು ಕೇಳಬಹುದು. ನೆಂಟರ ಮದುವೆ ಊಟ ಮುಗಿಸಿ ಬರುವಾಗ, ಹಬ್ಬಕ್ಕಿರಲಿ ಎಂದು ಬೋರಿನ ಬುಡದಲ್ಲಿ ಯಾರೋ ಬೆಳೆದಿದ್ದ ಒಂದಿಷ್ಟು ಗುಣಿ ಕಬ್ಬಿನಲ್ಲಿ ಒಂದು ಚಾಟಿ ಕಂಡು, ಜೀಪು ನಿಲ್ಲಿಸಿ ತಂದದ್ದು. ಆ ತಳಿ ಎಂದರೆ ಅವರಿಗೆ ಬಹಳ ಅಭಿಮಾನ. ಚನ್ನಗಿರಿ ಜೊತೆ ಇಟ್ಟರೂ ತುಪ್ಪಳ, ಹೊನ್ನಾಳಿ ಜೊತೆ ಇಟ್ಟರೂ ತುಪ್ಪಳ, ಉಳಿದವಕ್ಕಿಂತ ಒಂದು ದಿನ ಮೊದಲೇ. "ಜಗಳೂರು ಕೊಟ್ರೆ ಸಂಬಂಧ ತಪ್ಪಂಗಿಲ್ಲ," ಎನ್ನುತ್ತಿದ್ದರು. ಜಗಳೂರು-ನ್ಯಾಮತಿ ಜೋಡಿ ಮಾತ್ರ ಯಾರೂ ಇಟ್ಟು ನೋಡಿದ್ದಿಲ್ಲ. ಒಂದೇ ಬೆಡಗು ಅಂದ ಮೇಲೆ ಯಾಕೆ ಇಡಬೇಕು?

ಸಾಹೇಬರ ಇನ್ನೊಂದು ನಂಬಿಕೆ ಕೈಗುಣ. ಒಬ್ಬರು ನೆಟ್ಟ ಬಳ್ಳಿ ಹಬ್ಬುತ್ತದೆ, ಇನ್ನೊಬ್ಬರು ನೆಟ್ಟದ್ದು ಒಣಗುತ್ತದೆ ಅನ್ನುವುದಿಲ್ಲವೇ, ಹಾಗೆ. ತಟ್ಟೆಯಲ್ಲಿ ಹಸಿರು ಬೂಷ್ಟು ಬಂದರೆ ಗಾಳಿಯದೋ ನೀರಿನದೋ ತಪ್ಪು ಹುಡುಕುತ್ತಿರಲಿಲ್ಲ; ಇದು ಯಾರ ಕೈ ಎಂದು ಕೇಳುತ್ತಿದ್ದರು. ಕೈ ಸರಿಯಿಲ್ಲ ಎಂಬ ಹೆಸರು ಒಮ್ಮೆ ಬಂದರೆ ಮುಗಿಯಿತು. ಹಾಗೆ ಹೆಸರು ಕೆಟ್ಟ ಒಬ್ಬ ವಿದ್ಯಾರ್ಥಿ ಮಣ್ಣು ಪರೀಕ್ಷೆಯ ವಿಭಾಗಕ್ಕೆ ಹೊರಟುಹೋದ. ನನ್ನ ಕೈ ಒಳ್ಳೆಯದು ಎಂದು ಅವರು ಯಾಕೆ ತೀರ್ಮಾನಿಸಿದ್ದರೋ ದೇವರಿಗೇ ಗೊತ್ತು.

ಕೆಲಸದ ರೀತಿ ಬದಲಾದದ್ದೂ ನನ್ನ ಕಣ್ಣೆದುರಿಗೇ. ಮೊದಮೊದಲು ಹತ್ತಿಯ ಬಿರಡೆ, ಸ್ಪಿರಿಟ್ ದೀಪ, ಅಡಿಗೆಮನೆಯದೇ ದೊಡ್ಡಣ್ಣನಂಥ ಕುಕ್ಕರ್. ಗಾಜಿನ ತಟ್ಟೆ ತೊಳೆದು ಬೇಯಿಸಿ ಮತ್ತೆ ಬಳಸುತ್ತಿದ್ದೆವು. ಆಗ ಎರಡು ತಳಿಯ ಜೋಡಿ ಇಡುವಾಗಲೆಲ್ಲ, ಪಕ್ಕದಲ್ಲಿ ಆ ಎರಡನ್ನೂ ಒಂಟಿಯಾಗಿಯೂ ಬೇರೆ ತಟ್ಟೆಗಳಲ್ಲಿ ಇಡುವ ಪದ್ಧತಿಯಿತ್ತು. ಒಂಟಿ ತಟ್ಟೆ ಎನ್ನುತ್ತಿದ್ದೆವು. ಆಮೇಲೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಬಂದವು. ಬೇಡಿಕೆ ಕಳಿಸಿದರೆ ಅರ್ಧದಷ್ಟು ಬರುತ್ತಿದ್ದವು. ಒಂಟಿ ತಟ್ಟೆಯಲ್ಲಿ ಹೇಗೂ ಏನೂ ಆಗುವುದಿಲ್ಲವಲ್ಲ ಎಂದು ಎಲ್ಲರೂ ಸೇರಿ ಅದನ್ನು ಬಿಟ್ಟುಬಿಟ್ಟೆವು. ಜಗಳೂರು ತಳಿ ಬಂದದ್ದು ಅದಾದ ಮೇಲೆ. ಜೀನು ಓದುವ ಯಂತ್ರಗಳೂ ಬಂದವು. ಹಿಂದೆ ಕಣ್ಣಿಗೆ ಕಂಡದ್ದನ್ನು ನಂಬುತ್ತಿದ್ದೆವು. ಈಗ ನಳಿಕೆಯ ತಳದಲ್ಲಿರುವ ನೀರಿನಂಥ ಹನಿಯಲ್ಲಿ ಜೀನು ಇದೆ ಎಂದು ನಂಬಬೇಕಾಯಿತು. ನನಗೆ ಅದರಲ್ಲಿ ನೀರು ಬಿಟ್ಟು ಇನ್ನೇನೂ ಕಂಡದ್ದಿಲ್ಲ. ಇದೇ ಕಾಲದಲ್ಲಿ ಡೀಪ್ ಫ್ರೀಜರಿನ ಒಂದು ಅಂಕಣ ಕೆಟ್ಟು ನ್ಯಾಮತಿ ತಳಿ ಸತ್ತುಹೋಯಿತು. ನನಗೆ ತವರೇ ಹೋದಷ್ಟು ಬೇಜಾರಾಯಿತು. ಮೈನಸ್ಸಿನ ಬೆಡಗಿಗೆ ಉಳಿದದ್ದು ಜಗಳೂರು ಒಂದೇ.

ಸವಿತಾ ಪಿಎಚ್.ಡಿ.ಗೆ ಬಂದದ್ದು ಆಗ. ಅವಳ ತಂದೆ ಜಗಳೂರಿನಲ್ಲಿ ಟೈಲರ್. ಬಟ್ಟೆ ಕತ್ತರಿಸುವವರ ಮಗಳಾದ್ದಕ್ಕೋ ಏನೋ ಅವಳ ಕೈ ಅಳತೆ ತಪ್ಪುತ್ತಿರಲಿಲ್ಲ. ಮಾತು ಕಡಿಮೆ, ಹಟ ಜಾಸ್ತಿ. ಸಾಹೇಬರು ಕೊಟ್ಟ ವಿಷಯ ಹೀಗಿತ್ತು: ಚನ್ನಗಿರಿ ತಳಿಯಲ್ಲಿ ಕರೆಯುವ ಜೀನು ಇದೇ ಎಂದು ನಾವು ಊಹಿಸಿದ್ದನ್ನು ಕತ್ತರಿಸಿ ತೆಗೆಯಬೇಕು. ಊಹೆ ಸರಿಯಿದ್ದರೆ ಆ ತಳಿಗೆ ಕರೆಯಲು ಬಾರದು, ಮದುವೆ ನಡೆಯದು, ತುಪ್ಪಳ ಏಳದು. ಎದ್ದರೆ, ಆ ಜೀನು ಅಲ್ಲವೇ ಅಲ್ಲ ಎಂದರ್ಥ. ಜೀನು ತೆಗೆಯುವುದರಲ್ಲೇ ಅವಳ ವರ್ಷಗಳು ಹೋದವು. ಕೊನೆಗೂ ತೆಗೆದಳು. ಜೀನನ್ನು ಗೆರೆಯಾಗಿ ತೋರಿಸುವ ಜೆಲ್ಲಿನಲ್ಲಿ ಆ ಗೆರೆ ಮಾಯವಾದದ್ದನ್ನು ನಾನೂ ನೋಡಿದೆ. ಕರೆಯಲು ಬಾರದ ಆ ತಳಿಗೆ ನಾವಿಬ್ಬರೂ ಮೌನಿ ಎಂದು ಹೆಸರಿಟ್ಟೆವು.

ಮೌನಿಯ ಹನಿ ಇಟ್ಟು, ಒಣಗಿದ ಮೇಲೆ ಅದರ ಮೇಲೆಯೇ ಜಗಳೂರಿನ ಹನಿ ಇಟ್ಟಳು. ಎರಡು ದಿನಕ್ಕೆ ಬಿಳಿ ತುಪ್ಪಳ ಎದ್ದು ನಿಂತಿತು.

ಮತ್ತೆ ಇಟ್ಟಳು. ಮತ್ತೆ ತುಪ್ಪಳ. ನೀರು ಬದಲಾಯಿಸಿದಳು, ಕೋಣೆ ಬದಲಾಯಿಸಿದಳು, ಮೌನಿಯ ಜೀನನ್ನು ಮತ್ತೆ ಪರೀಕ್ಷಿಸಿದಳು. ಜೀನು ಇಲ್ಲ, ತುಪ್ಪಳ ಮಾತ್ರ ಇದೆ. ಕರೆಯದೆ ಮದುವೆಗೆ ಬಂದವರ್ಯಾರು? ನನ್ನ ತಲೆ ಕೆಟ್ಟು ಮೊಸರುಗಡಿಗೆ ಆಯಿತು. ರಾಗಿ ಬೀಸುವ ಕಲ್ಲಿನಂತೆ ನಾವಿಬ್ಬರೂ ಅಲ್ಲಲ್ಲೇ ಸುತ್ತಿದೆವು. ವಿಶ್ವವಿದ್ಯಾಲಯ ಕೊಟ್ಟಿದ್ದ ಹೆಚ್ಚಿನ ಅವಧಿಯೂ ತೀರುತ್ತ ಬಂದಿತ್ತು.

ಸಾಹೇಬರು ತಟ್ಟೆ ನೋಡಿ, "ಕೈ ಸರಿಯಿಲ್ಲ ನಿಂದು," ಎಂದರು. "ಎಲ್ಲೋ ಮಾಮೂಲಿ ಚನ್ನಗಿರಿ ತಳಿ ಬೆರೆಸಿದೀಯ."

"ಇಲ್ಲ ಸಾರ್."

"ಹಂಗಾದ್ರೆ ತುಪ್ಪಳ ಎಲ್ಲಿಂದ ಬಂತು? ಗಿರಿಜಮ್ಮ ಹಾಕ್ಲಿ ಹನಿ."

ನಾನು ಹಾಕಿದೆ. ಅದಕ್ಕೂ ತುಪ್ಪಳ. ಈಗ ನನ್ನ ಕೈಯನ್ನೂ ಬೈಯುತ್ತಾರೆ, ಲೆಕ್ಕ ಸಮವಾಗುತ್ತದೆ ಎಂದು ನಾನು ಕಾದರೆ, ಸಾಹೇಬರು, "ತಳಿ ಬೆಳೆಸಿ ಕೊಟ್ಟಿದ್ದು ಅವಳೇ ಅಲ್ವಾ?" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆನೆ ಮಾಡಿದ್ದು ಕಾಣಲ್ಲ, ಆಡು ಮಾಡಿದ್ದೇ ಕಾಣ್ತತೆ ಎಂದು ನಾನು ಗೊಣಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಈ ತಿಂಗಳೊಳಗೆ ದಾರಿಗೆ ಬರದಿದ್ದರೆ ಮೌನಿಯನ್ನು ಇನ್ನೊಬ್ಬ ವಿದ್ಯಾರ್ಥಿಗೆ ಕೊಡುತ್ತೇನೆ ಎಂದು ಅವರು ಸವಿತಾಳಿಗೆ ಹೇಳಿದರು. ಅಂದರೆ ಅವಳ ಕೆಲಸವೂ ಹೋಯಿತು, ಕೈ ಕೆಟ್ಟದ್ದು ಎಂಬ ಹೆಸರೂ ಉಳಿಯಿತು. ಆ ಹೆಸರು ಹೊತ್ತುಕೊಂಡು ಯಾವ ಲ್ಯಾಬಿಗೆ ಹೋಗಬೇಕು ಆ ಹುಡುಗಿ?

ಆ ಮಾತು ಕೇಳಿ ಬಂದ ಮಧ್ಯಾಹ್ನವೇ ಅವಳು ಮತ್ತೊಂದು ಕಂತು ತಟ್ಟೆ ಹಾಕಲು ಕೂತಳು. ಕಣ್ಣೊರೆಸಿಕೊಳ್ಳುವುದು, ಹನಿ ಹಾಕುವುದು. ನಾಳೆ ಮಾಡಿದರಾಯಿತು ಬಿಡೇ ತಾಯಿ ಎಂದೆ. ಕೇಳಲಿಲ್ಲ.

ಎರಡು ದಿನ ಬಿಟ್ಟು ಇನ್‌ಕ್ಯುಬೇಟರಿನಿಂದ ತಟ್ಟೆಗಳನ್ನು ತೆಗೆದು ಒಂದೊಂದಾಗಿ ಮಗುಚಿ ಹೆಸರು ನೋಡುತ್ತಿದ್ದೆ. ತಟ್ಟೆಯ ತಳಕ್ಕೆ 'ಮೌ' ಎಂದು ಬರೆದ ಮೇಲೆಯೇ ಸವಿತಾ ಮೌನಿಯ ಹನಿ ಹಾಕುವುದು. 'ಜ' ಎಂದು ಬರೆದ ಮೇಲೆಯೇ ಜಗಳೂರಿನದು. ಒಂದು ತಟ್ಟೆಯ ತಳದಲ್ಲಿ 'ಜ' ಮಾತ್ರ ಇತ್ತು. ಮೇಲೆ ನೋಡಿದರೆ ಬಿಳಿ ತುಪ್ಪಳ.

"ಮೌ ಬರಿಯಾದು ಮರೆತೀಯ ನೋಡು," ಎಂದೆ.

ಅವಳು ತಟ್ಟೆ ಇಸಿದುಕೊಂಡು ಬೆಳಕಿಗೆ ಹಿಡಿದಳು. "ಇಲ್ಲ ಗಿರಿಜಕ್ಕಾ. ಬರೆದಿಲ್ಲ ಅಂದ್ರೆ ನಾನು ಹನಿ ಹಾಕಿಲ್ಲ. ಅವತ್ತು ಕಣ್ಣು ಮಂಜಾಗಿತ್ತು, ಈ ತಟ್ಟಿಗೆ ಮೌನಿ ಬಿಟ್ಟೇ ಹೋಗೇತೆ."

"ಬಿಟ್ಟು ಹೋಗಿದ್ರೆ ತುಪ್ಪಳ ಹೆಂಗೆ ಬರ್ತತೆ? ಇನ್ನೊಬ್ರು ಇಲ್ದೆ ಮದುವಿ ಆಗ್ತತೇನೆ?"

"ಅದೇ ನನಗೂ ತಿಳೀವಲ್ದು."

ಇಬ್ಬರೂ ಸ್ಟೂಲಿನ ಮೇಲೆ ಕೂತು ಆ ತಟ್ಟೆಯನ್ನೇ ನೋಡಿದೆವು. ಒಬ್ಬಳೇ ಹಸೆಮಣೆ ಏರಿ, ಒಬ್ಬಳೇ ತಾಳಿ ಕಟ್ಟಿಕೊಂಡ ಹಾಗೆ. ನನಗೆ ನಗು ಬರಬೇಕೋ ಹೆದರಿಕೆಯಾಗಬೇಕೋ ತಿಳಿಯಲಿಲ್ಲ. ಆಮೇಲೆ ಅವಳೇ ಎದ್ದು, ಎಷ್ಟೋ ವರ್ಷದಿಂದ ನಾವು ಬಿಟ್ಟಿದ್ದ ಕೆಲಸ ಮಾಡಿದಳು. ಜಗಳೂರನ್ನು ಒಂದು ತಟ್ಟೆಯಲ್ಲಿ ಒಂಟಿಯಾಗಿ, 'ಜ' ಎಂದು ಬರೆದು, ಇಟ್ಟಳು. ಮೌನಿಯನ್ನು ಇನ್ನೊಂದರಲ್ಲಿ ಒಂಟಿಯಾಗಿ ಇಟ್ಟಳು. ಮೌನಿಯ ತಟ್ಟೆ ನುಣ್ಣಗೇ ಉಳಿಯಿತು. ಜಗಳೂರಿನ ಒಂಟಿ ತಟ್ಟೆಯಲ್ಲಿ ತುಪ್ಪಳ ಎದ್ದಿತು.

ಸವಿತಾ ಎರಡೂ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಮೆಲ್ಲಗೆ, "ಅಕ್ಕಾ, ಜಗಳೂರಿನ ನಳಿಕಿಯಾಗೆ ಇಬ್ಬರದಾರೆ," ಎಂದಳು. ಪ್ಲಸ್ಸೂ ಮೈನಸ್ಸೂ ಎರಡೂ ಅದರಲ್ಲಿ ಬೆರೆತಿದ್ದವು. ಸಿಹಿ ನೀರಿನಲ್ಲಿ ಅಲ್ಲಾಡಿಸಿ ಬೆಳೆಸುವಾಗ ಅವು ಕೂಡುತ್ತಿರಲಿಲ್ಲ, ನಮಗೆ ಸುಳಿವೂ ಸಿಗುತ್ತಿರಲಿಲ್ಲ. ತಟ್ಟೆಯ ಮೇಲೆ ಬಿದ್ದೊಡನೆ ತಮ್ಮತಮ್ಮಲ್ಲೇ ಮದುವೆ. ಮೌನಿ ಪಕ್ಕದಲ್ಲಿ ಸುಮ್ಮನೆ ನಿಂತ ನೆಂಟಳು.

ನಾನು ಖುಷಿಯಿಂದ ಅವಳ ಬೆನ್ನು ತಟ್ಟಿದೆ. ಅವಳ ಮುಖ ಇನ್ನಷ್ಟು ಬಿಳಿಚಿತು. "ಆ ತಳಿ ಎತ್ತಿದ್ದು ಸಾರ್ ಅಲ್ವಾ? ಅವರಿಗೆ ಹೆಂಗ್ ಹೇಳಾಕೆ ಆಗ್ತತೆ?"

"ಬಾ, ನಾನು ಬರ್ತೀನಿ," ಎಂದು ಅವಳ ರಟ್ಟೆ ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದೆ.

ಸಾಹೇಬರು ಎರಡೂ ಒಂಟಿ ತಟ್ಟೆಗಳನ್ನು ಎದುರಿಗಿಟ್ಟುಕೊಂಡು ಕೂತರು. "ಇದು ನಾನು ಎತ್ತಿದ ತಳಿ," ಎಂದರು. "ಒಂದೇ ಚಾಟಿಯಿಂದ ಎತ್ತಿದ್ದು. ಬ್ಯಾರೆ ಹೆಂಗೆ ಬೆರೀತತೆ?"

ಸವಿತಾ ನೆಲ ನೋಡುತ್ತ ಹೇಳಿದಳು: "ಒಂದೇ ಬೀಜಕಣ ಮೊಳೆತ್ರೂ ಎರಡೂ ಬಗೆ ಹುಟ್ತಾವೆ ಅಂತ ನೀವೇ ಕ್ಲಾಸಿನಾಗೆ ಹೇಳಿದ್ರಿ ಸಾರ್."

ಸಾಹೇಬರು ಬೈಯುತ್ತಾರೆ ಎಂದು ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದೆ. ಅವರು ಬೈಯಲಿಲ್ಲ. "ಹೇಳಿದ್ದೆ," ಎಂದರು. "ಹೇಳ್ತಾನೇ ಇದೀನಿ. ಪರೀಕ್ಷೆಗೂ ಕೇಳ್ತೀನಿ." ಕನ್ನಡಕ ತೆಗೆದು ಒರೆಸಿದರು. "ತಳಿ ಎತ್ತುವಾಗ ಮಾತ್ರ ನನ್ನ ತಲೀಲಿ ಇದ್ದದ್ದು ಮನಿ ಲೆಕ್ಕ. ಒಂದು ಮನಿ, ಒಂದು ಬೆಡಗು. ಒಂದು ಚಾಟಿ ಅಂದ್ರೆ ಎಲ್ಲಾ ಒಂದೇ ಅಂತ ಬೇರೆ ಮಾಡ್ಲೇ ಇಲ್ಲ ನಾನು."

ಪುಸ್ತಕ ಗೊತ್ತಿರಲಿಲ್ಲ ಎಂದೇನಲ್ಲ ಅವರಿಗೆ. ಬಾಯಿ ಪುಸ್ತಕದಂತೆ ನಡೆಯಿತು, ಕೈ ಮನೆಯಲ್ಲಿ ಕಲಿತಂತೆ ನಡೆಯಿತು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನೂ ಅದೇ ಲೆಕ್ಕದಲ್ಲಿದ್ದವಳು, ಇಡೀ ಲ್ಯಾಬೂ ಅದೇ ಲೆಕ್ಕದಲ್ಲಿತ್ತು.

ಮಾರನೆಯ ದಿನ ಸಾಹೇಬರು ತಾವೇ ಏಪ್ರನ್ ತೊಟ್ಟು ಬಂದು ಜಗಳೂರನ್ನು ಬಿಡಿಸಲು ಕೂತರು. ನೀರಲ್ಲಿ ತೆಳು ಮಾಡಿ, ಮತ್ತೆ ತೆಳು ಮಾಡಿ, ಒಂದೊಂದು ಕೋಶ ಬೇರೆ ಬೇರೆ ಬೀಳುವಂತೆ ತಟ್ಟೆಯ ಮೇಲೆ ತಂತಿ ಎಳೆಯಬೇಕು. ಸಾಹೇಬರ ತಂತಿ ಒತ್ತಿ ತಟ್ಟೆಯೊಳಗಿನ ಆಹಾರದ ಪದರ ಸೀಳಿತು. ಇನ್ನೊಂದು ತಟ್ಟೆ, ಅದೂ ಸೀಳಿತು. ಸ್ಟೂಲಿನಿಂದ ಎದ್ದು, "ಸವಿತಾ, ನೀನು ಮಾಡು," ಎಂದರು. ಅವಳು ಕೂತಳು. ಅವಳ ಕೈಕೆಳಗೆ ಗೆರೆಗಳು ಒಂದರ ಪಕ್ಕ ಒಂದು ಇಸ್ತ್ರಿ ಹಾಕಿದಂತೆ ಬಿದ್ದವು. ಬಿಡಿಬಿಡಿಯಾಗಿ ಬೆಳೆದದ್ದನ್ನು ಎತ್ತಿ ಜೋಡಿ ಇಟ್ಟು ನೋಡಿದರೆ, ಅವಳು ಹೇಳಿದ್ದೇ ಸರಿ. ಒಂದೇ ಚಾಟಿಯ ಮಕ್ಕಳು, ಎರಡು ಬಗೆ.

ನನಗಾದರೂ ಮನಸ್ಸು ಒಪ್ಪಲಿಲ್ಲ. "ಹಂಗಾದ್ರೆ ಇವು ಅಣ್ಣ ತಂಗಿ ಆದಂಗೆ ಆತಲ್ರೀ ಸಾರ್. ಮದುವಿ ಹೆಂಗೆ?" ಎಂದೆ.

"ಬೂಷ್ಟಿಗೆ ಬೆಡಗು ಹಚ್ಚಿದ್ದು ನಾವು, ಗಿರಿಜಮ್ಮಾ," ಎಂದರು ಅವರು. "ಅದು ಕೇಳಿರಲಿಲ್ಲ."

ಶುದ್ಧವಾದ ಜಗಳೂರು ಮೈನಸ್ಸನ್ನು ಮೌನಿಯ ಜೊತೆ ಇಟ್ಟು, ಪಕ್ಕದಲ್ಲಿ ಎಲ್ಲ ಒಂಟಿ ತಟ್ಟೆಗಳನ್ನೂ ಇಟ್ಟೆವು. ಜೀನು ತೆಗೆಯದ ಮಾಮೂಲಿ ಚನ್ನಗಿರಿಯ ಜೊತೆಗೂ ಒಂದು ಜೋಡಿ ಇಟ್ಟೆವು. ಎರಡು ದಿನಕ್ಕೆ ಮಾಮೂಲಿ ಜೋಡಿಯಲ್ಲಿ ತುಪ್ಪಳ ಎದ್ದಿತು. ಮೌನಿಯ ತಟ್ಟೆಯಲ್ಲಿ ಏನೂ ಇರಲಿಲ್ಲ. ನಂಬಿಕೆ ಸಾಲದೆ ಇನ್ನೂ ಕಾದೆವು. ಮತ್ತೂ ಏನೂ ಆಗಲಿಲ್ಲ. ಸವಿತಾ ಬಾಯಿಗೆ ಕೈ ಅಡ್ಡ ಹಿಡಿದು, "ಏನೂ ಆಗಿಲ್ಲ ಅಕ್ಕಾ, ಏನೂ ಆಗಿಲ್ಲ," ಎಂದು ಅಳುತ್ತ ನಗುತ್ತಿದ್ದಳು. ಸಾಹೇಬರು ಚನ್ನಗಿರಿ ಬಸ್ ಸ್ಟ್ಯಾಂಡಿನಿಂದ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ಏನೂ ಆಗಲಿಲ್ಲ ಎಂಬುದಕ್ಕೆ ಮಿರ್ಚಿ ತಿಂದದ್ದು ನನ್ನ ಸೇವೆಯಲ್ಲಿ ಅದೊಂದೇ ಸಲ.

ಅವತ್ತೇ ಸವಿತಾ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ಮೌನಿಯನ್ನು ತೋರಿಸಿದಳು. ಅದಕ್ಕೆ ಕರೆಯಲು ಬಾರದು, ಎದುರಿನವರ ಕರೆ ಕೇಳಲು ಮಾತ್ರ ಬರುತ್ತದೆ. ಆ ಕಡೆಯ ಕೋಶ ಉಂಡೆಯಾಗಿ ತನ್ನಷ್ಟಕ್ಕೆ ಕೂತಿತ್ತು. ಈ ಕಡೆಯಿಂದ ಮೌನಿ ಅದರತ್ತ ಸಣ್ಣ ಎಳೆಯ ಕೈ ಚಾಚಿತ್ತು. ಆ ಕಡೆಯದಕ್ಕೆ ಇವಳಿದ್ದಾಳೆಂಬುದೇ ಗೊತ್ತಿಲ್ಲ. ನನಗೆ ಯಾಕೋ ಕಣ್ಣು ತುಂಬಿ ಬಂತು. ರೋಗ ಬರಬಾರದೆಂದು ಸಂಬಳ ತಿನ್ನುವವಳು, ಆ ಮದುವೆ ಆಗಲಿಲ್ಲ ಎಂದು ಯಾಕೆ ಅಳಬೇಕಿತ್ತು? ಅದೂ ಬಗೆಹರಿದಿಲ್ಲ.

ಪ್ರಬಂಧ ಒಪ್ಪಿಸಿದ ಮೇಲೆ ಸವಿತಾ ಕೇಂದ್ರದಲ್ಲೇ ಉಳಿದಳು. ಆ ಸಲದ ಹೊನ್ನಾಳಿ ತರಬೇತಿಗೆ ನಾವು ಮೂವರೂ ಹೋದೆವು. ಚಾಟಿಗೆ ಚೀಲ ಹಾಕಿ ಕತ್ತರಿಸುವ ರೀತಿಯನ್ನು, ಹಾಕದಿದ್ದರೆ ಆಗುವ ಅವಾಂತರವನ್ನು ಅವಳು ಗದ್ದೆಯಲ್ಲಿ ರೈತರಿಗೆ ತೋರಿಸಿದಳು. ಸಭೆ ಶುರುವಾದಾಗ ಮುಂದಿನ ಸಾಲಿನಿಂದ ಹಾಲೇಶಪ್ಪನವರು, "ಸಾಹೇಬ್ರೇ, ಅದೇ ಬೆಡಗಿನ ಕಥಿ ಹೇಳ್ರಿ, ಹೊಸಬರು ಬಂದಾರೆ," ಎಂದರು.

ಸಾಹೇಬರು ಮೈಕು ಹಿಡಿದು ಎದ್ದರು. "ಆ ಕಥಿ ತಪ್ಪು ಐತೆ ಹಾಲೇಶಪ್ಪಾರೇ. ಒಂದೇ ಚಾಟಿಯಾಗೆ ಎರಡೂ ಬಗೆ ಇರ್ತಾವೆ. ಒಂದೇ ಒಂದು ಚಾಟಿ ಕಂಡ್ರೂ ಬಿಡಬ್ಯಾಡ್ರಿ."

"ಅಲ್ರೀ, ಹೋದ ಸಲ ಸರಿ ಇತ್ತಲ್ರೀ ಅದು?"

"ಹೋದ ಸಲಾನೂ ತಪ್ಪೇ ಇತ್ತು."

ಹಾಲೇಶಪ್ಪನವರು ಟವೆಲ್ಲು ಹೆಗಲಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡರು. "ನಾನು ಹೋದ ವರ್ಷ ಒಂದು ಚಾಟಿ ಕಂಡಿದ್ದೆ. ಒಂಟಿ ಐತೆ, ಇದಕ್ಕೆ ಜೋಡಿ ಎಲ್ಲಿಂದ ಬರ್ತತೆ ಅಂತ ಬಿಟ್ಟೆ. ಈ ವರ್ಷ ಅದೇ ಬುಡದಿಂದ ಚಿಗುರಿದ ಕೂಳೆ ಬೆಳಿ ತುಂಬಾ ಅದೇ ಆಗೇತೆ."

ಸಭೆಯಲ್ಲಿ ಯಾರೂ ನಗಲಿಲ್ಲ. ಸಾಹೇಬರ ಮುಖ ನೋಡಲು ನನಗೆ ಆಗಲಿಲ್ಲ. "ನನ್ನ ಮಾತು ಕೇಳಿ ಕೆಟ್ಟಿದ್ದು ಅದು," ಎಂದರು ಅವರು. "ನಾಳೆ ನಿಮ್ಮ ಗದ್ದಿಗೆ ನಾನೇ ಬರ್ತೀನಿ."

"ಬರ್ರಿ. ಅದಿರ್ಲಿ, ಇದು ತಪ್ಪು ಅಂತ ನಿಮಗೆ ಹೆಂಗೆ ಗೊತ್ತಾತು?"

ಸಾಹೇಬರು ಹಿಂದೆ ತಿರುಗಿ ಸವಿತಾಳನ್ನು ಕರೆದರು. ಗೋಡೆಗೆ ಒರಗಿ ನಿಂತಿದ್ದವಳು ಹಿಂಜರಿಯುತ್ತ ಮುಂದೆ ಬಂದಳು. "ನಾನು ಇವಳ ಕೈ ಸರಿಯಿಲ್ಲ ಅಂದಿದ್ದೆ," ಎಂದು ಅವರು ಮೈಕಿನಲ್ಲೇ ಹೇಳಿದರು. "ನನ್ನ ತಪ್ಪು ಹಿಡಿದಿದ್ದು ಅದೇ ಕೈ. ಈ ಹುಡುಗಿ ಕೈಗುಣ ಭಾಳ ಚೊಲೋ ಐತೆ."

ಸವಿತಾ ಆಗಷ್ಟೇ ಗದ್ದೆಯಿಂದ ಬಂದಿದ್ದಳು. ಎರಡೂ ಕೈ ಮೊಣಕೈವರೆಗೆ ಕಾಡಿಗೆಯ ಪುಡಿ ಮೆತ್ತಿ ಕಪ್ಪಾಗಿದ್ದವು. ಎಲ್ಲರೂ ನೋಡುತ್ತಿದ್ದರು. ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಅವಳು ಆ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದಳು.